ಹಲ್ಲು ನೋಡದೆ ಎತ್ತು ಕೊಳ್ಳುತ್ತೀರಾ?

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಮೊಬೈಲಿನಲ್ಲಿ ಹಳೆ ನೋಟು, ನಾಣ್ಯ, ಆಟಗಾರರ ಕಾರ್ಡ್ ಹರಾಜಿಗೆ ಬಂದರೆ ಮಾತ್ರ ಫೋಟೊ, ಸರ್ಟಿಫಿಕೇಟ್ ನೋಡಿ ದುಡ್ಡು ಹಾಕುತ್ತೇವೆ. ಮೋಸ ಹೋದರೆ ಊರವರು ‘ದುರಾಸೆಗೆ ತಕ್ಕ ಶಾಸ್ತಿ’ ಅನ್ನುತ್ತಾರೆ. ಈ ಮಾತು ನಮಗೆ ಒಪ್ಪಿಗೆಯಿಲ್ಲ. ಯಾಕೆಂದರೆ ಸಿರಿವಂತರೂ, ಪರಿಣತರೂ ಇದೇ ಹೊಂಡಕ್ಕೆ ಬಿದ್ದಿದ್ದಾರೆ.

ಅಮೆರಿಕದಲ್ಲಿ 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನಲ್ಲಿ ಬೇಸ್‌ಬಾಲ್ ಆಟಗಾರರ ಕಾರ್ಡ್ ಇಡುತ್ತಿದ್ದರು. ಹೋನಸ್ ವ್ಯಾಗ್ನರ್ ಎಂಬಾತನ ಕಾರ್ಡ್ ಬಲು ಅಪರೂಪ. ಅಂಥದ್ದೊಂದು 1991ರ ಹರಾಜಿನಲ್ಲಿ 4,51,000 ಡಾಲರಿಗೆ ಹೋಯಿತು. 80 ವರ್ಷದ ಕಾರ್ಡ್, ಅಂಚು ಮಾತ್ರ ಹೊಸದರಂತೆ ಚೂಪು! ಪರೀಕ್ಷೆ ಮಾಡುವ ಕಂಪನಿ 10ಕ್ಕೆ 8 ಅಂಕ ಕೊಟ್ಟಿತು. 2007ರಲ್ಲಿ ಬೆಲೆ 28 ಲಕ್ಷ ಡಾಲರ್ ಮುಟ್ಟಿತು. ಅದನ್ನು ಹಿಂದೆ ಮಾರಿದ್ದ ಹರಾಜುದಾರ ಬಿಲ್ ಮ್ಯಾಸ್ಟ್ರೋ 2013ರಲ್ಲಿ ತಪ್ಪೊಪ್ಪಿಕೊಂಡ: ಅಂಚು ಕತ್ತರಿಸಿದ್ದು ತಾನೇ. ತನ್ನ ಹರಾಜುಗಳಲ್ಲಿ ಸುಳ್ಳು ಕೂಗು ಹಾಕಿಸಿ ಬೆಲೆ ಏರಿಸಿದ್ದನ್ನೂ ಒಪ್ಪಿದ. 2015ರಲ್ಲಿ 20 ತಿಂಗಳ ಜೈಲು ಶಿಕ್ಷೆಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹಾಗಾಗಿ ಲೇಬಲ್ ನಂಬಬೇಡಿ, ವಸ್ತು ನೋಡಿ. ಕಾರ್ಡಿನ ಹಿಂಬದಿಯ ಫೋಟೊ ಕೇಳಿ. ಅಳತೆ ಕೇಳಿ; ಕತ್ತರಿಸಿದ ಕಾರ್ಡ್ ಸಾಮಾನ್ಯವಾಗಿ ಚಿಕ್ಕದಿರುತ್ತದೆ. ಭೂತಗನ್ನಡಿಯಲ್ಲಿ ಹೆಸರಿನ ಅಕ್ಷರ ನೋಡಿ: ಆ ಕಾಲದ ಕಾರ್ಡಿನಲ್ಲಿ ಮಸಿ ಒಂದೇ ಸಮ ಇರುತ್ತದೆ, ಈಗಿನ ನಕಲಿನಲ್ಲಿ ಹೆಚ್ಚಾಗಿ ಚುಕ್ಕೆ ಚುಕ್ಕೆ ಕಾಣುತ್ತದೆ. ನೇರಳಾತೀತ ಟಾರ್ಚ್ ಬಿಟ್ಟಾಗ ಕಾಗದ ನೀಲಿಯಾಗಿ ಹೊಳೆದರೆ ಅನುಮಾನಪಡಿ. ಹಾಗೆ ಹೊಳೆಯುವ ರಾಸಾಯನಿಕವನ್ನು ಆಗಿನ ಕಾಗದಕ್ಕೆ ಹಾಕುತ್ತಿರಲಿಲ್ಲ. ‘ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು, ನನಗೇನೂ ಗೊತ್ತಿಲ್ಲ, ವಾಪಸ್ ತಗೊಳ್ಳಲ್ಲ’ ಅಂದವನ ಹತ್ತಿರ ವ್ಯಾಪಾರವೇ ಬೇಡ.

ಆದರೆ ಎಲ್ಲ ಎಚ್ಚರವೂ ಕೊಳ್ಳುವವನ ತಲೆಗೇ ಯಾಕೆ? ಪ್ರತಿ ಮಾರಾಟದಲ್ಲೂ ಕಮಿಷನ್ ತಿನ್ನುವ ಹರಾಜು ತಾಣಕ್ಕೆ ಹೊಣೆ ಬೇಡವೇ? ಅಳತೆ, ಎರಡೂ ಬದಿಯ ಫೋಟೊ, ವಸ್ತು ಕೈ ಬದಲಾದ ಇತಿಹಾಸ, ನಕಲಿಯಾದರೆ ಹಣ ವಾಪಸ್: ಇವಿಲ್ಲದೆ ಹರಾಜು ಕೂಗಬಾರದು.

ನಮ್ಮ ಕಡೆ ಕಾರ್ಡಿನ ಜಾಗದಲ್ಲಿ ಹಳೆ ನೋಟು, ನಾಣ್ಯ ಇವೆ, ಅಷ್ಟೇ. ರಿಸರ್ವ್ ಬ್ಯಾಂಕ್ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ, ಇಂಥ ವ್ಯವಹಾರ ತಾನು ಮಾಡುವುದಿಲ್ಲ ಎಂದು ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಎತ್ತಿನ ಹಲ್ಲು ನೋಡುವ ಕಣ್ಣು ನಮ್ಮಲ್ಲಿದೆ. ಬಾಯಿ ತೆರೆಸಲು ಬಿಡದ ದಲ್ಲಾಳಿಯನ್ನು ಮೊದಲು ಪ್ರಶ್ನಿಸೋಣ.