ಮೀನಿಗೊಂದು ನ್ಯಾಯ, ಕೂಸಿಗೊಂದು ನ್ಯಾಯ

ಕೆಂಗೇರಿ ಉಪನಗರದ ನಮ್ಮನೆಯಲ್ಲಿ ಉಪ್ಪುನೀರಿನ ಮೀನಿನ ತೊಟ್ಟಿ ಇದೆ. ಅದರ ನೈಟ್ರೇಟ್ ಇಳಿಯುತ್ತಲೇ ಇರಲಿಲ್ಲ. ಮೇವು ಕಡಿಮೆ ಮಾಡಿದೆ, ವಾರಾವಾರ ನೀರು ಬದಲಿಸಿದೆ... ಊಹೂಂ! ಕೊನೆಗೆ, ಉಪ್ಪು ಬೆರೆಸುವ ಮೊದಲೇ ಬೋರ್‌ವೆಲ್ ನೀರನ್ನು ಪರೀಕ್ಷಿಸಿದರೆ, ಕಳ್ಳ ಅಲ್ಲೇ ಕೂತಿದ್ದ!

ಅವತ್ತಿನಿಂದ ಮೀನಿಗೆ ಆರ್‌ಓ ನೀರು. ಆದರೆ ನಮ್ಮ ಬೀದಿಯಲ್ಲಿ ಅದೇ ಬೋರ್ ನೀರನ್ನು 'ಕುದಿಸಿದರೆ ಸಾಕು' ಅಂತ ಕೂಸಿಗೂ ಕುಡಿಸ್ತಾರೆ. ಸ್ವಾಮೀ, ಕುದಿಸಿದರೆ ರೋಗಾಣು ಸಾಯುತ್ತೆ, ನೈಟ್ರೇಟ್ ಹೋಗಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತೆ. ಲೀಟರಿಗೆ 45 ಮಿಲಿಗ್ರಾಂ ಮೀರಕೂಡದು ಅನ್ನುತ್ತೆ ಕುಡಿಯುವ ನೀರಿನ ಭಾರತೀಯ ಮಾನಕ. ಮೀರಿದರೆ ಬಾಟಲಿ ಹಾಲಿನ ಹಸುಗೂಸುಗಳ ಮೈ ನೀಲಿಗಟ್ಟುವ ಅಪಾಯವಿದೆ.

"ನೀರು ತಿಳಿಯಾಗೇ ಇದೆಯಲ್ಲ?" ಅನ್ನೋರೇ, ನೈಟ್ರೇಟಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೀನಿಗೆ ಮಾಡಿಸೋ ಪರೀಕ್ಷೆ ಮಗುವಿಗೆ ಬೇಡವೇ? ನಿಮ್ಮ ಬೋರ್ ನೀರನ್ನು ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ, ಹೇಳಿ ನೋಡೋಣ?