ತಟಸ್ಥತೆಯೆಂದರೆ ಸಮಪಾಲಲ್ಲ

ಅಂತರ್ಜಾಲ ವಿಶ್ವಕೋಶದ ಟಿಪ್ಪು ಸುಲ್ತಾನನ ಚರಿತ್ರೆಯಲ್ಲಿ ಹೊಗಳಿಕೆಗೊಂದು, ತೆಗಳಿಕೆಗೊಂದು ವಾಕ್ಯವಿಟ್ಟರೆ ತಟಸ್ಥತೆ ಸಿದ್ಧಿಸದು. ಅದು ಆಕರವಿಮರ್ಶೆಯಿಂದ ತಪ್ಪಿಸಿಕೊಳ್ಳುವ ಉಪಾಯವಷ್ಟೆ. ಅಜ್ಜಂಪುರದಲ್ಲಿ ಇಂದಿಗೂ ತಳಿಸಂವರ್ಧನ ಕೇಂದ್ರವಿರುವ ಅಮೃತಮಹಲ್ ರಾಸುಗಳನ್ನೇ ನೋಡಬಹುದು: ಹೆಸರು ಟಿಪ್ಪುವಿನದು, ಮೂಲ ಒಡೆಯರ ಬೆಣ್ಣೆಚಾವಡಿ. ಎರಡನ್ನೂ ಹೇಳಬೇಕಾದುದು ಸಮತೋಲನಕ್ಕಲ್ಲ, ಆಧಾರಗಳು ಹಾಗಿರುವುದರಿಂದ.

ಅವನ ಪತ್ರಗಳನ್ನು ಆಯ್ದು 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕರ್ಕ್‌ಪ್ಯಾಟ್ರಿಕ್ ಗೆದ್ದ ಕಂಪನಿಯ ಸೇನಾಧಿಕಾರಿ. ಹಳೆಯ ಕಡೂರು ಜಿಲ್ಲೆಯ ಶೃಂಗೇರಿಯಲ್ಲಿ ಆರ್. ನರಸಿಂಹಾಚಾರ್ 1916ರಲ್ಲಿ ಬೆಳಕಿಗೆ ತಂದ ಕನ್ನಡ ಪತ್ರಗಳಲ್ಲಿ, 1791ರ ಮರಾಠಾ ದಾಳಿಯಿಂದ ನೊಂದ ಮಠಕ್ಕೆ ಯುದ್ಧದ ನಡುವೆಯೇ ಆ ದೊರೆ ಬರೆದವಿವೆ. ಮೊದಲನೆಯವನ್ನು ದ್ವೇಷಕ್ಕೆ, ಎರಡನೆಯವನ್ನು ಔದಾರ್ಯಕ್ಕೆ ಪುರಾವೆಯೆಂದು ಹಾಗೆಯೇ ಎತ್ತಿಕೊಳ್ಳುವುದು ಸಂಶೋಧನೆಯೆನಿಸದು. ಯಾರು, ಯಾರಿಗೆ, ಯಾವಾಗ, ಏಕೆ ಬರೆದರೆಂದು ಹೇಳದ ವಾಕ್ಯಕ್ಕೆ ಅಡಿಟಿಪ್ಪಣಿಯಿದ್ದರೂ ಆಧಾರವಿಲ್ಲ.