ಮೊದಲು ಆಮೆ, ಕೊನೆಗೆ ಮೊಲ

ಒಂಬತ್ತನೇ ತರಗತಿಯಲ್ಲಿ ‘ಚಲನೆ’ ಪಾಠ ನಡೆಯುತ್ತಿತ್ತು. ಸರಾಸರಿ ಜವ ಎಂದರೇನು ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಒಟ್ಟು ದೂರಾನ ಒಟ್ಟು ಕಾಲದಿಂದ ಭಾಗಿಸೋದು ಸಾರ್’ ಎಂದ. ಸರಿಯಾಗಿಯೇ ಹೇಳಿದ. ಕೂರುವಾಗ ಮಾತ್ರ ಏನೋ ಗೊಣಗಿದ, ಪಕ್ಕದವರು ಕಿಸಕ್ಕೆಂದು ನಕ್ಕರು.

‘ಏನೋ ಅದು, ಎಲ್ಲರಿಗೂ ಕೇಳೋ ಹಂಗೆ ಹೇಳು’ ಎಂದೆ.

‘ಏನಿಲ್ಲ ಸಾರ್, ನಾನು ನೋಡ್ತಿದ್ದ ಆನಿಮೆ ಮಾಡಿದೋರ್ಗೂ ಇದನ್ನ ಸ್ವಲ್ಪ ಹೇಳ್ಕೊಡಿ ಅಂದೆ. ಹತ್ತು ಕಂತು ಎಳೆದೂ ಎಳೆದೂ ಎರಡು ಪುಸ್ತಕ ತೋರಿಸಿದ್ರು. ಕೊನೇ ಎರಡು ಕಂತಲ್ಲಿ ಮೂರನೇ ಪುಸ್ತಕ ಇಡೀದು ಓಡಿಸ್ಬುಟ್ರು.’

ಆನಿಮೆ ಎಂದರೆ ಜಪಾನಿನ ಚಲಿಸುವ ಚಿತ್ರಕಥೆ ಎಂಬುದು ನನಗೂ ಗೊತ್ತಾಗಿರುವುದು ಮಕ್ಕಳಿಂದಲೇ. ಈ ಹುಡುಗನ ತಾಯಿ ಅದಕ್ಕೆ ಒಂದು ವಾರ ಮೊದಲು ಶಾಲೆಗೆ ಬಂದು, ‘ಮೇಷ್ಟ್ರೇ, ಇವ್ನು ಆ ಫೋನ್ ನೋಡಿ ನೋಡಿ ಹಾಳಾಗೋದ. ನೀವೇ ನಾಕು ಬಿಗೀರಿ’ ಎಂದು ಕಣ್ಣೊರೆಸಿಕೊಂಡು ಹೋಗಿದ್ದರು. ಆದ್ದರಿಂದ ಬೈಯಬೇಕೆಂದೇ ಬಾಯಿ ತೆರೆದೆ. ಆದರೆ ‘ಮೂರನೇ ಪುಸ್ತಕ’ ಎಂದನಲ್ಲ, ಅಲ್ಲಿ ತಡೆದೆ. ‘ಪುಸ್ತಕ ನೀನು ಓದಿದೀಯಾ?’ ಎಂದು ಕೇಳಿದೆ. ಓದಿದ್ದ. ಇಂಗ್ಲಿಷ್ ಅನುವಾದದಲ್ಲಿ, ಅರ್ಥವಾಗದ ಪದಗಳನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡು, ಮೂರು ಸಂಪುಟ ಓದಿದ್ದ. ಆ ದಿನ ಬೈಗುಳ ಮುಂದಕ್ಕೆ ಹೋಯಿತು. ಅವನ ದೂರನ್ನೇ ಹಲಗೆಯ ಮೇಲೆ ಲೆಕ್ಕವಾಗಿ ಬರೆದೆ.

ಮಕ್ಕಳೇ, ನೀವೂ ಲೆಕ್ಕ ಹಾಕಿ. ಇಂತಹ ಸರಣಿಯ ಒಂದು ಕಂತು ಸುಮಾರು 24 ನಿಮಿಷ. ಆದಿಯ ಹಾಡು ಒಂದೂವರೆ ನಿಮಿಷ, ಅಂತ್ಯದ ಹಾಡು ಒಂದೂವರೆ ನಿಮಿಷ. ಕಳೆದರೆ ಕಥೆಗೆ ಉಳಿಯುವುದು 21 ನಿಮಿಷ. ಜಪಾನಿನ ದೂರದರ್ಶನದಲ್ಲಿ ಮೂರು ತಿಂಗಳಿಗೆ ಒಂದು ಸರದಿ. ವಾರಕ್ಕೊಂದರಂತೆ 12 ಅಥವಾ 13 ಕಂತು. 12 ಕಂತಿಗೆ 252 ನಿಮಿಷ, ಅಂದರೆ 4 ಗಂಟೆ 12 ನಿಮಿಷ. ಇದರಲ್ಲಿ ಮೂರು ಕಾದಂಬರಿ ಮುಗಿಯಬೇಕಾದರೆ ಒಂದಕ್ಕೆ ಸರಾಸರಿ 84 ನಿಮಿಷ. ಒಂದು ಪುಸ್ತಕ ಓದಲು ನಮಗೆ ಆರು ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಮೂರಕ್ಕೆ 18 ಗಂಟೆ. ತೆರೆಯ ಮೇಲೆ ಸಿಗುವ ಕಾಲ ಅದರ ಕಾಲು ಭಾಗಕ್ಕೂ ಕಡಿಮೆ.

ಆದರೆ ಹುಡುಗನ ದೂರು ಸರಾಸರಿಯ ಬಗ್ಗೆ ಅಲ್ಲ. ಮೊದಲ ಎರಡು ಪುಸ್ತಕಕ್ಕೆ ಹತ್ತು ಕಂತು ಎಂದರೆ 210 ನಿಮಿಷ, ಒಂದೊಂದಕ್ಕೆ 105. ಮೂರನೆಯದಕ್ಕೆ ಉಳಿದದ್ದು 42. ಕೊನೆಯಲ್ಲಿ ಕಥೆ ಎರಡೂವರೆ ಪಟ್ಟು ಜವದಲ್ಲಿ ಓಡಿದೆ. ಮಧುಗಿರಿಯಿಂದ ಪಾವಗಡಕ್ಕೆ ಹೊರಟ ಬಸ್ಸು ಊರೂರಿಗೂ ನಿಂತು, ಹೊತ್ತಾಯಿತೆಂದು ಕೊನೆಯ ತಿರುವುಗಳಲ್ಲಿ ಹಾರಿಸಿಕೊಂಡು ಹೋದರೆ ಗಡಿಯಾರದ ಪ್ರಕಾರ ಸರಿಯಾಗಿಯೇ ತಲುಪುತ್ತದೆ. ಒಳಗೆ ಕೂತವರ ಪಾಡು ಮಾತ್ರ ಬೇರೆ. ಸರಾಸರಿ ಜವ ಬೇರೆ, ಆಯಾ ಕ್ಷಣದ ಜವ ಬೇರೆ ಎಂಬುದು ಆ ದಿನ ನಮ್ಮ ತರಗತಿಗೆ ನಾನು ಯಾವತ್ತೂ ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಅರ್ಥವಾಯಿತು.

ಇದು ಜಪಾನಿನವರ ರೋಗವೇನೂ ಅಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡದ ಊರು ಕಡಿಮೆ. 1980ರ ದಶಕದಲ್ಲಿ ಚಾಪೆ, ಕಂಬಳಿ ಹೊತ್ತು ಹೋಗಿ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಪಾತ್ರಕ್ಕಿಷ್ಟು ಎಂದು ದುಡ್ಡು ಹಾಕಿ ಪಾತ್ರ ಹಿಡಿದ ರೈತರು, ತಿಂಗಳುಗಟ್ಟಲೆ ತಾಲೀಮು, ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆ ಸೀನರಿ. ದುಡ್ಡು ಹಾಕಿದವನು ತನ್ನ ಕಂದಪದ್ಯ ಒಂದನ್ನೂ ಬಿಡುವುದಿಲ್ಲ. ನೆಂಟರು ‘ಒನ್ಸ್ ಮೋರ್’ ಎನ್ನುತ್ತಾರೆ, ಅವನು ಮತ್ತೆ ಹಾಡುತ್ತಾನೆ. ಕೃಷ್ಣ ಸಂಧಾನ ಮುಗಿಯುವಾಗ ಮಧ್ಯರಾತ್ರಿ ಎಂದೋ ಕಳೆದಿರುತ್ತದೆ. ಹದಿನೆಂಟು ದಿನದ ಯುದ್ಧಕ್ಕೆ ಉಳಿದದ್ದು ಕೋಳಿ ಕೂಗುವ ಹೊತ್ತು. ಭೀಷ್ಮ, ದ್ರೋಣ, ಕರ್ಣ ಸಾಲಾಗಿ ಬಿದ್ದು, ಬೆಳಕು ಹರಿಯುವ ಮೊದಲು ದುರ್ಯೋಧನನ ತೊಡೆಯೂ ಮುರಿದು, ಮಂಗಳ ಹಾಡಿಬಿಡುತ್ತಿದ್ದರು. ನಿದ್ದೆಗಣ್ಣಿನ ನಮಗೆ ಯಾರು ಯಾಕೆ ಸತ್ತರು ಎಂಬುದೇ ತಿಳಿಯುತ್ತಿರಲಿಲ್ಲ.

ಅಲ್ಲಿ ಕಾಲವನ್ನು ಹಂಚಿದ್ದು ಪಾತ್ರದ ದುಡ್ಡು. ಆನಿಮೆಯಲ್ಲಿ ಹಂಚುವುದು ಮೂರು ತಿಂಗಳ ಸರದಿ. ಎರಡರಲ್ಲೂ ಕಥೆಗೆ ಏನು ಬೇಕು ಎಂದು ಮೊದಲು ಕೇಳಿದವರಿಲ್ಲ.

ಅವಸರದಲ್ಲಿ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ? ಹೊಡೆದಾಟಕ್ಕಲ್ಲ, ವಿವರಣೆಗೆ. ಕರ್ಣನ ಕಥೆ ನೋಡಿ. ಪರಶುರಾಮರು ಕೊಟ್ಟ ಶಾಪ, ಬ್ರಾಹ್ಮಣನೊಬ್ಬ ಕೊಟ್ಟ ಶಾಪ ಎರಡೂ ಮೊದಲೇ ಬಂದಿದ್ದರೆ, ರಥದ ಚಕ್ರ ಹೂತು ಅಸ್ತ್ರದ ಮಂತ್ರ ಮರೆತಾಗ ನಮ್ಮ ಕರುಳು ಚುರ್ ಎನ್ನುತ್ತದೆ. ಅವನ್ನು ಬಿಟ್ಟರೆ ಅದು ಹೊಲದ ಕೆಸರಿನಲ್ಲಿ ಗಾಡಿ ಹೂತ ಹಾಗೆ, ಬರೀ ಅಕಸ್ಮಾತ್ತು. ಮಾಯಾಲೋಕದ ಕಥೆಗಳಿಗೆ ಈ ಕಷ್ಟ ಹೆಚ್ಚು. ಅಲ್ಲಿನ ಮಂತ್ರಕ್ಕೆ ಏನು ಮಿತಿ, ವರಕ್ಕೆ ಏನು ಬೆಲೆ ಎಂಬ ನಿಯಮಗಳನ್ನು ಕಾದಂಬರಿಕಾರ ಪುಟಗಟ್ಟಲೆ ಹೇಳಬಲ್ಲ. ತೆರೆಯ ಮೇಲೆ ಅದನ್ನು ಹೇಳುತ್ತ ಕೂತರೆ ಆಕಳಿಕೆ, ಬಿಟ್ಟರೆ ಕೊನೆಯ ಗೆಲುವು ಮೋಸದಂತೆ ಕಾಣುತ್ತದೆ.

ಆಕಳಿಕೆಗೂ ಉದಾಹರಣೆ ಇದೆ. ‘ದಟ್ ಟೈಮ್ ಐ ಗಾಟ್ ರೀಇನ್‌ಕಾರ್ನೇಟೆಡ್ ಆ್ಯಸ್ ಎ ಸ್ಲೈಮ್’ ಎಂಬ ಕಾದಂಬರಿ ಮೂಲದ ಸರಣಿಯ ಮೂರನೆಯ ಭಾಗ 2024ರಲ್ಲಿ ಬಂತು. ಪಾತ್ರಗಳು ಮೇಜಿನ ಸುತ್ತ ಕೂತು ಸಭೆ ನಡೆಸುವುದೇ ಹೆಚ್ಚಾಯಿತೆಂದು ಅದರ ಅಭಿಮಾನಿಗಳೇ ಬೇಸರಪಟ್ಟರು.

ಹಾಗಾದರೆ ನಿಧಾನವೇ ತಪ್ಪೇ? ಅಲ್ಲ. ನಹೋಕೊ ಉಎಹಾಶಿ ಎಂಬ ಲೇಖಕಿಯ ‘ಮೊರಿಬಿಟೊ’ ಕಾದಂಬರಿ 2007ರಲ್ಲಿ ಆನಿಮೆ ಆಯಿತು. ಒಂದೇ ಕಾದಂಬರಿಗೆ 26 ಕಂತು. ನಮ್ಮ ಲೆಕ್ಕದಲ್ಲಿ 546 ನಿಮಿಷ, ಮೇಲಿನ 84 ನಿಮಿಷದ ಆರೂವರೆ ಪಟ್ಟು. ಅರಮನೆ ಬಿಟ್ಟ ರಾಜಕುಮಾರ ಸಾಮಾನ್ಯ ಜನರ ನಡುವೆ ಬದುಕಲು ಕಲಿಯುವ ದಿನಗಳಿಗೆ ಅಲ್ಲಿ ಧಾರಾಳವಾಗಿ ಹೊತ್ತು ಕೊಟ್ಟಿದ್ದಾರೆ. ಆ ದಿನಗಳಿಲ್ಲದಿದ್ದರೆ ಅವನನ್ನು ಕಾಯುವ ಬಾಲ್ಸಾ ಎಂಬ ಹೆಂಗಸು ಅವನಿಗೆ ತಾಯಿಯಂತಾಗುವುದು ನಂಬಲಾಗುತ್ತಿರಲಿಲ್ಲ. ನಮ್ಮಲ್ಲೇ ನೋಡಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರ ಕಾದಂಬರಿ. 2010ರಲ್ಲಿ ಮೈಸೂರಿನ ರಂಗಾಯಣ ಅದನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಒಂಬತ್ತು ಗಂಟೆಯ ನಾಟಕ ಮಾಡಿತು. ಜನ ಇಡೀ ರಾತ್ರಿ ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ಹೋಗಿ ನೋಡಿದರು.

ಇನ್ನು ಅವಸರದಲ್ಲೂ ಗೆದ್ದ ಉದಾಹರಣೆ ಶಿರಾದಿಂದ ಹೆದ್ದಾರಿ ಹಿಡಿದರೆ ಸಿಗುವ ಚಿತ್ರದುರ್ಗದಲ್ಲಿದೆ. 1972ರ ‘ನಾಗರಹಾವು’ ಚಿತ್ರಕ್ಕೆ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿಕೊಂಡರು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರು ಕಾದಂಬರಿಗೆ ಒಂದು ಸಿನಿಮಾ! ಹುಡುಗನ ಆನಿಮೆಗಿಂತಲೂ ಇಕ್ಕಟ್ಟು. ತ.ರಾ.ಸು. ಅವರಿಗೆ ಚಿತ್ರ ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದರೆಂದು ಬೇಸರಪಟ್ಟರು ಎಂಬ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಬರೆದವರಿಗೆ ಬಿಟ್ಟುಹೋದದ್ದು ಕಾಣುತ್ತದೆ, ಅದು ಸಹಜ. ಆದರೂ ಆ ಚಿತ್ರ ಉಳಿದಿದೆ. ಯಾಕೆಂದರೆ ಪುಟ್ಟಣ್ಣ ಎಲ್ಲವನ್ನೂ ಸಮನಾಗಿ ಓಡಿಸಲಿಲ್ಲ. ರಾಮಾಚಾರಿಗೂ ಚಾಮಯ್ಯ ಮೇಷ್ಟ್ರಿಗೂ ನಡುವಿನ ನಂಟಿಗೆ ಬೇಕಾದಷ್ಟು ಹೊತ್ತು ಕೊಟ್ಟರು. ಕಥೆಯ ಓಟವನ್ನೇ ನಿಲ್ಲಿಸಿ ಒನಕೆ ಓಬವ್ವನ ಪ್ರಸಂಗ ತೋರಿಸಿದರು. ಲೆಕ್ಕದ ಪ್ರಕಾರ ಅದು ತಡ. ಜಯಂತಿಯವರ ಓಬವ್ವನನ್ನು ಮರೆತವರು ಯಾರಿದ್ದಾರೆ ಹೇಳಿ!

ಇಷ್ಟನ್ನೂ ತರಗತಿಯಲ್ಲಿ ಹೇಳಿ, ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂದು ಬಲ್ಲವನೇ ಕಥೆಗಾರ ಎಂದು ಮುಗಿಸಿದೆ. ಹುಡುಗರು ಖುಷಿಪಟ್ಟರು. ನನಗೆ ಮಾತ್ರ ಸ್ಟಾಫ್ ರೂಮಿಗೆ ಬಂದು ಕೂತಾಗ ಹೊಟ್ಟೆಯಲ್ಲಿ ಏನೋ ಚುಚ್ಚಿದಂತಾಯಿತು. ಹತ್ತನೇ ತರಗತಿಗೆ ನಾನು ಪ್ರತಿ ವರ್ಷ ಮಾಡುತ್ತಿರುವುದೇನು?

ಜೂನ್ ತಿಂಗಳಲ್ಲಿ ಮೊದಲ ಪಾಠ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’. ಮೆಗ್ನೀಷಿಯಂ ಪಟ್ಟಿ ಉರಿಸುತ್ತೇನೆ, ಸುಣ್ಣಕ್ಕೆ ನೀರು ಹಾಕುತ್ತೇನೆ, ಮೂರು ವಾರ ಸೊಗಸಾಗಿ ಕಳೆಯುತ್ತದೆ. ಆಮೇಲೆ ಕ್ರೀಡಾಕೂಟ, ಪ್ರತಿಭಾ ಕಾರಂಜಿ, ದಸರಾ ರಜೆ. ಚಳಿಗಾಲ ಬಂತೆಂದರೆ ‘ಸಿಲಬಸ್ ಆಯ್ತಾ?’ ಎಂಬ ಪ್ರಶ್ನೆ. ‘ವಿದ್ಯುಚ್ಛಕ್ತಿ’, ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’ ಎರಡೂ ಕೋಳಿ ಕೂಗುವ ಹೊತ್ತಿನ ಕುರುಕ್ಷೇತ್ರ. ಸೂತ್ರ, ಚಿತ್ರ, ಎರಡು ಅಂಕದ ಪ್ರಶ್ನೆ, ಮಂಗಳ!

ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ದಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಅವರ ಮನೆಯ ಜಮೀನು ಪಾವಗಡ ತಾಲ್ಲೂಕಿನ ತಿರುಮಣಿ ಕಡೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿತ್ತು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್‌ನ ಆ ಪಾರ್ಕು ಮಕ್ಕಳ ಮನೆಯ ಅಂಗಳದಲ್ಲೇ ಇದೆ. ಅವಳು ಕೇಳಿದ್ದು ಇಷ್ಟು: ‘ಸಾರ್, ಕರೆಂಟು ಹುಟ್ಟಬೇಕಾದ್ರೆ ಕಾಂತ ಬೇಕು, ಸುರುಳಿ ತಿರುಗಬೇಕು ಅಂದ್ರಿ. ನಮ್ಮ ಹೊಲದ ಪ್ಯಾನಲ್‌ನಲ್ಲಿ ಏನೂ ತಿರುಗಲ್ಲ. ಅದ್ರಲ್ಲಿ ಹೆಂಗೆ ಬರುತ್ತೆ?’

ಆ ವರ್ಷ ನನ್ನ ತರಗತಿಯಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಅದು. ನಾನು ಗಡಿಯಾರ ನೋಡಿ, ‘ಅದು ಪರೀಕ್ಷೆಗೆ ಬರಲ್ಲಮ್ಮ, ಕೂತ್ಕೋ’ ಎಂದೆ.

ಅವಳು ಒಳ್ಳೆಯ ಅಂಕ ಪಡೆದು ಪಾಸಾದಳು, ಪಿಯುಸಿಗೆ ಕಲಾ ವಿಭಾಗ ಸೇರಿದಳು. ಕಲಾ ವಿಭಾಗ ಕೀಳೆಂದು ನಾನು ಹೇಳುತ್ತಿಲ್ಲ, ಆಸೆಪಟ್ಟು ಓದುವವರಿಗೆ ಅದು ಬಂಗಾರ. ಆದರೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಯಾಕಮ್ಮ ಎಂದು ಕೇಳಿದ್ದಕ್ಕೆ ಅವಳು ನಗುತ್ತಲೇ, ‘ಸೈನ್ಸು ನಂಗಾಗಲ್ಲ ಸಾರ್, ಬಹಳ ಸ್ಪೀಡು’ ಎಂದಳು. ಅವಳಿಗೆ ಆಗದ್ದು ಸೈನ್ಸಲ್ಲ, ನನ್ನ ಕೊನೆಯ ಎರಡು ಕಂತು.

ಅವಳಿಗೆ ಕೊಡಬೇಕಿದ್ದ ಉತ್ತರ ಹತ್ತು ನಿಮಿಷದ್ದು. ಪ್ಯಾನಲ್ಲಿನಲ್ಲಿ ಸಿಲಿಕಾನ್ ಎಂಬ ವಸ್ತುವಿನ ಎರಡು ಪದರ. ಒಂದಕ್ಕೆ ಎಲೆಕ್ಟ್ರಾನು ಹೆಚ್ಚಿರುವಂತೆ, ಇನ್ನೊಂದಕ್ಕೆ ಕೊರತೆಯಿರುವಂತೆ ಬೇರೆ ಧಾತುಗಳನ್ನು ಚಿಟಿಕೆಯಷ್ಟು ಬೆರೆಸಿರುತ್ತಾರೆ. ಎರಡೂ ಕೂಡುವ ಗಡಿಯಲ್ಲಿ ಒಂದು ವಿದ್ಯುತ್ ಕ್ಷೇತ್ರ ತಾನಾಗಿ ಏರ್ಪಡುತ್ತದೆ. ಬಿಸಿಲು ಬಿದ್ದಾಗ ಎಲೆಕ್ಟ್ರಾನು ಕಳಚಿಕೊಳ್ಳುತ್ತದೆ, ಗಡಿಯ ಕ್ಷೇತ್ರ ಅದನ್ನು ಒಂದೇ ಕಡೆಗೆ ತಳ್ಳುತ್ತದೆ. ಹೊರಗೆ ತಂತಿ ಸೇರಿಸಿದರೆ ನೇರ ವಿದ್ಯುತ್ ಹರಿಯುತ್ತದೆ. ಅದನ್ನು ಇನ್ವರ್ಟರ್ ಪರ್ಯಾಯ ವಿದ್ಯುತ್ತಾಗಿ ಬದಲಿಸಿ ದೊಡ್ಡ ತಂತಿಗೆ ಕಳಿಸುತ್ತದೆ. ಕಾಂತ ಬೇಡ, ಸುರುಳಿ ಬೇಡ. ಇಷ್ಟೇ. ಈ ಹತ್ತು ನಿಮಿಷ ಉಳಿಸಿ ನಾನು ಕಟ್ಟಿಕೊಂಡದ್ದೇನು?

ಮಕ್ಕಳೇ, ನಿಮ್ಮ ಓದಿನ ವೇಳಾಪಟ್ಟಿಯನ್ನು ಇವತ್ತು ತೆಗೆದು ನೋಡಿ. ಮೊದಲ ಪಾಠದ ಹಾಳೆಗಳು ಮಾಸಿ, ಕೊನೆಯ ಪಾಠದವು ಹೊಸದಾಗಿ ಹೊಳೆಯುತ್ತಿದ್ದರೆ ನೀವೂ ಆ ಆನಿಮೆ ಮಾಡಿದವರ ಕಡೆಯವರೇ. ಈ ಸಲ ಪುನರಾವರ್ತನೆಯನ್ನು ಕೊನೆಯ ಪಾಠದಿಂದ ಶುರುಮಾಡಿ. ಸರಣಿ ನೋಡುವವರು ನೋಡಿ, ಆದರೆ ಮೂಲ ಪುಸ್ತಕ ಓದಿ, ಎಲ್ಲಿ ಓಡಿಸಿದರು, ಏನು ಬಿಟ್ಟರು ಎಂದು ಒಂದು ಪುಟ ಬರೆಯಿರಿ. ಕನ್ನಡದಲ್ಲಾದರೆ ‘ನಾಗರಹಾವು’ ಇದ್ದೇ ಇದೆ.

ಪೋಷಕರಲ್ಲಿ ಒಂದು ವಿನಂತಿ. ‘ಎಷ್ಟು ಪಾಠ ಆಯ್ತು?’ ಎಂದು ನಮ್ಮನ್ನೂ ಮಕ್ಕಳನ್ನೂ ಕೇಳುತ್ತೀರಿ. ಅದರ ಜೊತೆಗೆ ‘ಇವತ್ತು ಯಾವ ಪ್ರಶ್ನೆ ಕೇಳಿದೆ?’ ಎಂದೂ ಮಗುವನ್ನು ಕೇಳಿ. ಆ ತಾಯಿಗೂ ಇದನ್ನೇ ಹೇಳಿದೆ. ಮಗ ಬರೆದ ನೋಟ್‌ಬುಕ್ಕಿನ ಹಿಂಬದಿಯನ್ನೂ ತೋರಿಸಿದೆ. ‘ಇಷ್ಟೊಂದು ಇಂಗ್ಲಿಷ್ ಇವ್ನೇ ಬರ್ದಿದ್ದಾ?’ ಎಂದು ಎರಡು ಸಲ ಕೇಳಿದರು. ಫೋನಿಗೆ ದಿನಕ್ಕೆ ಒಂದು ಗಂಟೆ ಎಂದು ತಾಯಿ ಮಗ ಒಪ್ಪಂದ ಮಾಡಿಕೊಂಡು ಹೋದರು.

ನಾನೂ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ. ಈ ವರ್ಷ ಹತ್ತನೇ ತರಗತಿಯಲ್ಲಿ ವಿದ್ಯುತ್ತಿನ ಪಾಠಗಳು ದಸರಾ ರಜೆಗೆ ಮೊದಲೇ ಬರುತ್ತವೆ. ಪ್ಯಾನಲ್ಲಿನ ಪ್ರಶ್ನೆಯನ್ನು ಯಾರೂ ಕೇಳದಿದ್ದರೆ ನಾನೇ ಕೇಳುತ್ತೇನೆ.